ಮುಖದ ಕರೆಂಟ್ ನೋವಿಗೆ ಗಾಮಾ ನೈಫ್: ಗಡ್ಡೆಯ ಮೇಲೆ ಗಟ್ಟಿ ಹಿಡಿತ, ನೋವಿನ ಮೇಲೆ ಸಡಿಲ ಹಿಡಿತ

ಮಿದುಳುಕಾಂಡದ ಪಕ್ಕದಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಇದೆ, ಮುಖದ ಒಂದು ಬದಿಗೆ ಕರೆಂಟ್ ಹೊಡೆದಂಥ ನೋವು ಬರುತ್ತಿರುವುದು ಅದರಿಂದಲೇ ಎಂದು ಗೊತ್ತಾದವರಿಗೆ ಮನೆಯವರು, ನೆಂಟರು ಎಲ್ಲರೂ ಹೇಳುವ ಹೆಸರು ಗಾಮಾ ನೈಫ್, ಅಂದರೆ ಚಾಕು ಹಾಕದೆ ವಿಕಿರಣವನ್ನು ಗಡ್ಡೆಯ ಮೇಲೆ ಕೂಡಿಸುವ ಚಿಕಿತ್ಸೆ. ತಲೆ ತೆರೆಯಬೇಕಿಲ್ಲ, ಒಂದು ದಿನದ ಕೆಲಸ, ಮರುದಿನ ಮನೆಗೆ ಹೋಗಬಹುದು. ಈ ಮೂರೂ ಮಾತು ನಿಜ. ಆದರೂ ಈ ಚಿಕಿತ್ಸೆಗೆ ಎರಡು ಬೇರೆ ಬೇರೆ ಅಂಕ ಕೊಡಬೇಕಾಗುತ್ತದೆ. ಗಡ್ಡೆ ಬೆಳೆಯದಂತೆ ತಡೆಯುವುದರಲ್ಲಿ ಐದಕ್ಕೆ ನಾಲ್ಕೂವರೆ. ನೋವು ನಿಲ್ಲಿಸುವುದರಲ್ಲಿ ಐದಕ್ಕೆ ಮೂರು, ಅದೂ ಗಡ್ಡೆ ಮೆನಿಂಜಿಯೋಮಾ ಅಥವಾ ಶ್ವಾನೋಮಾ ಎಂಬ ಬಗೆಯದಾಗಿದ್ದರೆ ಮಾತ್ರ. ಎಪಿಡರ್ಮಾಯ್ಡ್ ಎಂಬ ಬಗೆಯದಾಗಿದ್ದರೆ ಇದಕ್ಕಾಗಿ ಸರದಿ ನಿಲ್ಲುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಏಕೆ ಹೀಗೆ ಎಂಬುದು ದುಡ್ಡು ಕಟ್ಟುವ ಮೊದಲೇ ಗೊತ್ತಿರಬೇಕು.

ಮುಖಕ್ಕೆ ಎರಡು ದೊಡ್ಡ ನರಗಳಿವೆ. ಮುಖದ ಸ್ನಾಯುಗಳನ್ನು ಆಡಿಸುವುದು ಏಳನೆಯದು. ಮುಟ್ಟಿದ್ದು, ಬಿಸಿ, ತಣ್ಣಗೆ, ನೋವು ಇವನ್ನೆಲ್ಲ ಮಿದುಳಿಗೆ ಒಯ್ಯುವುದು ಐದನೆಯದು, ಟ್ರೈಜೆಮಿನಲ್ ನರ. ಹಣೆ ಮತ್ತು ಕಣ್ಣಿಗೆ ಒಂದು ಕವಲು, ಕೆನ್ನೆ ಮತ್ತು ಮೇಲ್ದವಡೆಗೆ ಇನ್ನೊಂದು, ಕೆಳದವಡೆಗೆ ಮೂರನೆಯದು. ಈ ನರ ಮಿದುಳುಕಾಂಡವನ್ನು ಸೇರುವ ಜಾಗದಲ್ಲಿ ಅದರ ಮೇಲಿನ ಮೈಲಿನ್ ಹೊದಿಕೆ ತೀರಾ ಸೂಕ್ಷ್ಮ. ಅಲ್ಲಿ ಏನಾದರೂ ಒತ್ತಿ ಹೊದಿಕೆ ಸವೆದರೆ ಪಕ್ಕಪಕ್ಕದ ಎಳೆಗಳ ನಡುವೆ ಸಂಕೇತ ಸೋರುತ್ತದೆ. ಆಗ ಕೆನ್ನೆಗೆ ಗಾಳಿ ತಾಗಿದರೂ, ಹಲ್ಲುಜ್ಜಿದರೂ, ಒಂದು ತುತ್ತು ಅಗಿದರೂ ಸಿಡಿಲು ಬಡಿದಂತಾಗುತ್ತದೆ. ಒಂದೊಂದು ಹೊಡೆತ ಕ್ಷಣಾರ್ಧದಿಂದ ಎರಡು ನಿಮಿಷದವರೆಗೆ ಇರುತ್ತದೆ.

ಹೆಚ್ಚಿನವರಲ್ಲಿ ಹೀಗೆ ಒತ್ತುವುದು ಒಂದು ರಕ್ತನಾಳ. ಸುಮಾರು 15% ಜನರಲ್ಲಿ ಮಾತ್ರ ಹಿಂದೆ ಬೇರೊಂದು ರೋಗ ಇರುತ್ತದೆ: ಗಡ್ಡೆ ಅಥವಾ ಮೈಲಿನ್ ಹೊದಿಕೆಯೇ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1934ರಲ್ಲೇ ಈ ನೋವಿದ್ದವರ ತಲೆಯ ಹಿಂಬದಿ ತೆರೆದು ನೋಡಿ, ಕೆಲವರಲ್ಲಿ ನರದ ಪಕ್ಕ ಗಡ್ಡೆಗಳಿರುವುದನ್ನು ಬರೆದಿಟ್ಟಿದ್ದರು. ಮುಖ್ಯವಾಗಿ ಸಿಗುವ ಗಡ್ಡೆಗಳು ಮೂರು. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ, ಕಿವಿಯ ನರದ ಅಥವಾ ಐದನೇ ನರದ ಕವಚದಿಂದಲೇ ಹುಟ್ಟುವ ಶ್ವಾನೋಮಾ, ಗರ್ಭದಲ್ಲಿದ್ದಾಗ ಒಳಗೆ ಸಿಕ್ಕಿಕೊಂಡ ಚರ್ಮದ ಕಣಗಳಿಂದ ಬೆಳೆಯುವ ಎಪಿಡರ್ಮಾಯ್ಡ್. ಮಿದುಳುಕಾಂಡದ ಪಕ್ಕದ ಆ ಮೂಲೆಯಲ್ಲಿ ಅತಿ ಹೆಚ್ಚು ಕಾಣುವುದು ಕಿವಿ ನರದ ಶ್ವಾನೋಮಾ, ಆದರೆ ಅದರ ಮೊದಲ ದೂರು ಕಿವಿ ಮಂದವಾಗುವುದು, ಗುಂಯ್‌ಗುಡುವುದು. ನೋವನ್ನೇ ಮುಂದಿಟ್ಟುಕೊಂಡು ಬರುವವರಲ್ಲಿ, ಅದರಲ್ಲೂ ವಯಸ್ಸು ನಲವತ್ತು ದಾಟಿರದವರಲ್ಲಿ, ಎಪಿಡರ್ಮಾಯ್ಡ್ ಇದೆಯೇ ಎಂದು ಹುಡುಕಲೇಬೇಕು.

ಇಲ್ಲಿಂದಲೇ ತಪ್ಪುಗಳು ಶುರುವಾಗುತ್ತವೆ. ಮೊದಲನೆಯದು ಹಲ್ಲು. ದವಡೆಯಲ್ಲಿ ನೋವು ಬಂತೆಂದು ರೂಟ್ ಕೆನಾಲ್, ಆಮೇಲೆ ಹಲ್ಲು ಕೀಳಿಸುವುದು, ಆಮೇಲೆ ಪಕ್ಕದ ಹಲ್ಲು. ಹಲ್ಲಿನ ಎಕ್ಸ್‌ರೇ ಸರಿಯಿದ್ದು, ನೋವು ಮಿಂಚಿನಂತೆ ಬಂದು ಹೋಗುತ್ತಿದ್ದು, ಮುಟ್ಟಿದರೆ ಕೆರಳುತ್ತಿದ್ದರೆ ಇನ್ನೊಂದು ಹಲ್ಲಿಗೆ ಕೈಹಾಕುವ ಮೊದಲು ನರರೋಗ ತಜ್ಞರನ್ನು ಕಾಣಬೇಕು. ಎರಡನೆಯದು ಸ್ಕ್ಯಾನ್. ಸಿಟಿ ಸ್ಕ್ಯಾನ್‌ನಲ್ಲಿ ಈ ಜಾಗ ಸರಿಯಾಗಿ ಕಾಣುವುದಿಲ್ಲ. ಮಾಮೂಲಿ ಎಂಆರ್‌ಐನಲ್ಲಿ ಒಂದೊಂದು ಪದರ ಸುಮಾರು 5 ಮಿ.ಮೀ. ದಪ್ಪ ಇರುತ್ತದೆ, ನರದ ದಪ್ಪವೇ ಅದಕ್ಕಿಂತ ಕಡಿಮೆ. ಹಾಗಾಗಿ ‘ಎಂಆರ್‌ಐ ನಾರ್ಮಲ್’ ಎಂಬ ವರದಿ ನಂಬಿ ಕೂರಬಾರದು.

ಚೀಟಿಯಲ್ಲಿ ಏನು ಬರೆಸಬೇಕು ಎಂಬುದು ಇಲ್ಲಿ ಬಹಳ ಮುಖ್ಯ. 3 ಟೆಸ್ಲಾದ, ಅಂದರೆ ಹೆಚ್ಚು ಶಕ್ತಿಯ ಅಯಸ್ಕಾಂತದ, ಎಂಆರ್‌ಐ ಯಂತ್ರ ಸಿಕ್ಕರೆ ಒಳ್ಳೆಯದು. ಸಿಸ್ ಅಥವಾ ಫಿಯೆಸ್ಟಾ ಎಂಬ ತೆಳು ಪದರದ ಚಿತ್ರ ಬೇಕು. ಇದರಲ್ಲಿ ಪದರ ಒಂದು ಮಿ.ಮೀ.ಗಿಂತ ತೆಳ್ಳಗೆ ಇರುವುದರಿಂದ ನರ, ರಕ್ತನಾಳ, ಗಡ್ಡೆ ಬೇರೆ ಬೇರೆಯಾಗಿ ಕಾಣುತ್ತವೆ. ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಬೇಕು, ಏಕೆಂದರೆ ಮೆನಿಂಜಿಯೋಮಾ ಮತ್ತು ಶ್ವಾನೋಮಾ ಕಾಂಟ್ರಾಸ್ಟ್ ಹೀರಿ ಬೆಳ್ಳಗೆ ಎದ್ದು ಕಾಣುತ್ತವೆ. ಇದಕ್ಕೆ ಮುಂಚೆ, ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು, ರಕ್ತದ ಕ್ರಿಯಾಟಿನಿನ್ ನೋಡಿರಬೇಕು. ನೀರಿನ ಕಣಗಳ ಚಲನೆ ತೋರಿಸುವ ಡಿಫ್ಯೂಷನ್ ಚಿತ್ರವನ್ನಂತೂ ಬಿಡಲೇಬಾರದು. ಎಪಿಡರ್ಮಾಯ್ಡ್ ಕಾಂಟ್ರಾಸ್ಟ್ ಹೀರುವುದಿಲ್ಲ, ಉಳಿದ ಚಿತ್ರಗಳಲ್ಲಿ ಮಿದುಳಿನ ಸುತ್ತಲಿನ ನೀರಿನಂತೆಯೇ ಕಾಣುತ್ತದೆ, ಅಲ್ಲಿ ಗಡ್ಡೆ ಇದೆ ಎಂದೇ ಅನ್ನಿಸುವುದಿಲ್ಲ. ಡಿಫ್ಯೂಷನ್‌ನಲ್ಲಿ ಮಾತ್ರ ಬಿಳಿಯಾಗಿ ಹೊಳೆಯುತ್ತದೆ. ಮತ್ತೆ ಸ್ಕ್ಯಾನ್ ಮಾಡಿಸುವ ಖರ್ಚು ತಪ್ಪಬೇಕಾದರೆ ಇಷ್ಟನ್ನೂ ಒಂದೇ ಸಲಕ್ಕೆ ಬರೆಸಿಕೊಳ್ಳಬೇಕು, ಫಿಲ್ಮ್ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಬೇಕು. ಶಸ್ತ್ರವೈದ್ಯರು ನೋಡುವುದು ಸಿ.ಡಿ.ಯನ್ನೇ.

ಗಡ್ಡೆ ಇರಬಹುದು ಎಂದು ಎಚ್ಚರಿಸುವ ಕೆಲವು ಲಕ್ಷಣಗಳಿವೆ: ನಲವತ್ತರ ಒಳಗೇ ನೋವು ಬಂದಿರುವುದು, ಹೊಡೆತಗಳ ನಡುವೆಯೂ ಮುಖ ಜೋಮು ಹಿಡಿದಂತಿರುವುದು, ಅದೇ ಬದಿಯ ಕಿವಿ ಮಂದವಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು. ಆದರೆ ಇವು ಯಾವುವೂ ಇಲ್ಲದೆ, ಮಾತ್ರೆಗೆ ಚೆನ್ನಾಗಿ ಬಗ್ಗುವ ನೋವಿನ ಹಿಂದೆಯೂ ಗಡ್ಡೆ ಇದ್ದ ಉದಾಹರಣೆಗಳು ಸಾಕಷ್ಟಿವೆ. ‘ಮಾತ್ರೆ ಕೇಳಿತು, ಹಾಗಾದರೆ ಗಡ್ಡೆ ಇಲ್ಲ’ ಎಂಬ ಲೆಕ್ಕ ತಪ್ಪು.

ಮಾತ್ರೆ ಎಂದರೆ ಕಾರ್ಬಮಜೆಪಿನ್. ಯಾವ ಚಿಕಿತ್ಸೆ ಮಾಡಿಸಿದರೂ ಅಲ್ಲಿಯವರೆಗೆ ಕಾಯುವುದು ಇದರ ಬಲದ ಮೇಲೆ. ಡೈಕ್ಲೋಫಿನಾಕ್, ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ ಎಂದು ಶುರುಮಾಡಿ, ಕೆಲವು ದಿನಕ್ಕೊಮ್ಮೆ 100ರಿಂದ 200ರಷ್ಟು ಏರಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ 600–800ರ ಆಸುಪಾಸಿನಲ್ಲಿ ನೋವು ತಗ್ಗುತ್ತದೆ. 1200 ದಾಟಿದರೆ ತೂಕಡಿಕೆ, ತಲೆಸುತ್ತು, ಎರಡೆರಡು ಕಾಣುವುದು ಸಾಮಾನ್ಯ. ಮೂರು ನಾಲ್ಕು ವಾರ ಚೆನ್ನಾಗಿ ಕೇಳಿದ ಮಾತ್ರೆ ಆಮೇಲೆ ಕೇಳುತ್ತಿಲ್ಲ ಎಂದು ಬಹಳ ಜನ ಹೆದರುತ್ತಾರೆ. ಗಡ್ಡೆ ದಿಢೀರ್ ದೊಡ್ಡದಾಯಿತು ಎಂದು ಭಾವಿಸುವುದು ಬೇಡ. ಈ ಔಷಧ ತನ್ನನ್ನೇ ಒಡೆಯುವ ಕಿಣ್ವಗಳನ್ನು ಯಕೃತ್ತಿನಲ್ಲಿ ಹೆಚ್ಚಿಸುತ್ತದೆ, ಅದರಿಂದ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ವೈದ್ಯರನ್ನು ಕೇಳಿ ಪ್ರಮಾಣ ಸರಿಮಾಡಿಸಿಕೊಂಡರೆ ಸಾಕು. ಗರ್ಭನಿರೋಧಕ ಮಾತ್ರೆ, ವಾರ್ಫರಿನ್‌ಗಳ ಬಲವನ್ನೂ ಇದು ತಗ್ಗಿಸುತ್ತದೆ, ಅವನ್ನು ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

ಮೈಮೇಲೆ ಕೆಂಪು ಗಂಧೆ ಎದ್ದರೆ, ಬಾಯಿಯಲ್ಲಿ ಹುಣ್ಣಾದರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಏಷ್ಯಾ ಮೂಲದವರಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಇದ್ದವರಿಗೆ ಚರ್ಮ ಸುಲಿದುಹೋಗುವ ಪ್ರಾಣಾಂತಿಕ ಪ್ರತಿಕ್ರಿಯೆ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಸೌಲಭ್ಯವಿದ್ದರೆ ಮಾತ್ರೆ ಶುರುಮಾಡುವ ಮೊದಲೇ ರಕ್ತಪರೀಕ್ಷೆ ಮಾಡಿಸಬಹುದು. ರಕ್ತಕಣಗಳ ಎಣಿಕೆ, ಲಿವರ್ ಪರೀಕ್ಷೆ, ಸೋಡಿಯಂ ಇವನ್ನು ಆಗಾಗ ನೋಡಬೇಕು. ಬಿಪಿಗೆಂದು ಹೈಡ್ರೋಕ್ಲೋರೋಥಯಜೈಡ್ ಇರುವ ಮಾತ್ರೆ ನುಂಗುವ ಹಿರಿಯರಲ್ಲಿ ಸೋಡಿಯಂ ಬೇಗ ಕುಸಿಯುತ್ತದೆ, ಅವರು ಗೊಂದಲಕ್ಕೆ ಬೀಳುತ್ತಾರೆ, ಮನೆಯವರು ‘ಮರೆವು’ ಎಂದುಕೊಳ್ಳುತ್ತಾರೆ. ಅಗಿಯಲೂ ನುಂಗಲೂ ಆಗದಷ್ಟು ನೋವಿದ್ದರೆ ಇದೇ ಔಷಧ ಸಿರಪ್ ರೂಪದಲ್ಲೂ ಸಿಗುತ್ತದೆ. ಸಿಆರ್ (ನಿಧಾನವಾಗಿ ಔಷಧ ಬಿಡುವ ಬಗೆ) ಎಂದು ಬರೆದಿರುವ ಮಾತ್ರೆಯನ್ನು ಪುಡಿ ಮಾಡಬಾರದು. ನೀರೂ ಕುಡಿಯಲಾಗದ ಸ್ಥಿತಿ ಬಂದರೆ ತುರ್ತು ವಿಭಾಗದಲ್ಲಿ ಫಾಸ್ಫೆನಿಟಾಯಿನ್ ಡ್ರಿಪ್ ಕೊಟ್ಟು ನೋವು ತಗ್ಗಿಸುವ ದಾರಿ ಇದೆ.

ಇನ್ನು ಯಂತ್ರದ ವಿಷಯ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ರೇಡಿಯೋಸರ್ಜರಿ ಎಂಬ ಕಲ್ಪನೆ ಮುಂದಿಟ್ಟರು. ವಿಕಿರಣ ಹಾಯಿಸಿ ಅವರು ಮೊದಮೊದಲು ಚಿಕಿತ್ಸೆ ಮಾಡಿದ್ದರಲ್ಲಿ ಇದೇ ಮುಖದ ನೋವೂ ಒಂದು. ಈಗಿನ ಗಾಮಾ ನೈಫ್‌ನಲ್ಲಿ 192 ಕೋಬಾಲ್ಟ್-60 ಮೂಲಗಳಿವೆ. ಪ್ರತಿಯೊಂದು ಕಿರಣವೂ ದುರ್ಬಲ, ದಾರಿಯಲ್ಲಿ ಸಿಗುವ ಮಿದುಳಿಗೆ ಅದರಿಂದ ಹೇಳಿಕೊಳ್ಳುವಂಥ ಹಾನಿ ಇಲ್ಲ. ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡುವುದರಿಂದ ಅಲ್ಲಿ ಮಾತ್ರ ಪ್ರಮಾಣ ಹೆಚ್ಚು. 4, 8, 16 ಮಿ.ಮೀ. ಎಂಬ ಮೂರು ಅಳತೆಯ ಕಿಂಡಿಗಳಿಂದ ಕಿರಣಗಳನ್ನು ಜೋಡಿಸಿ ಗಡ್ಡೆಯ ಆಕಾರಕ್ಕೆ ಹೊಂದಿಸುತ್ತಾರೆ. ಕೋಬಾಲ್ಟ್‌ನ ಅರ್ಧಾಯುಷ್ಯ ಸುಮಾರು 5.3 ವರ್ಷ. ಮೂಲ ಹಳೆಯದಾದಷ್ಟೂ ಅದೇ ಡೋಸ್ ಕೊಡಲು ಹೆಚ್ಚು ಹೊತ್ತು ಮಲಗಿರಬೇಕಾಗುತ್ತದೆ. ಒಂದು ಕಡೆ ಅರ್ಧ ಗಂಟೆ, ಇನ್ನೊಂದು ಕಡೆ ಒಂದು ಗಂಟೆ ಎಂದು ಕೇಳಿದಾಗ ಇದೂ ಒಂದು ಕಾರಣ ಇರಬಹುದು, ಅಷ್ಟರಿಂದಲೇ ಚಿಕಿತ್ಸೆಯ ಗುಣಮಟ್ಟ ಅಳೆಯಬೇಕಿಲ್ಲ.

ಚಿಕಿತ್ಸೆಯ ದಿನ ನಡೆಯುವುದು ಹೀಗೆ. ಹಿಂದಿನ ರಾತ್ರಿ ತಲೆಸ್ನಾನ, ಕೂದಲು ತೆಗೆಸಬೇಕಿಲ್ಲ. ಬೆಳಗಿನ ಕಾರ್ಬಮಜೆಪಿನ್ ಯಾವ ಕಾರಣಕ್ಕೂ ತಪ್ಪಿಸಬಾರದು, ಏಕೆಂದರೆ ಫ್ರೇಮ್ ಕೂರಿಸುವಾಗ ಹಣೆ, ಕೆನ್ನೆ ಮುಟ್ಟಲೇಬೇಕು, ಅದೇ ನೋವನ್ನು ಕೆರಳಿಸಬಹುದು. ಮುಖದ ಯಾವ ಜಾಗ ಮುಟ್ಟಿದರೆ ನೋವು ಬರುತ್ತದೆ ಎಂದು ಸಿಸ್ಟರ್‌ಗೆ ಮೊದಲೇ ತೋರಿಸಿಡಿ. ಹಣೆಯಲ್ಲಿ ಎರಡು, ತಲೆಯ ಹಿಂದೆ ಎರಡು ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಲ್ಕು ಪಿನ್‌ಗಳಿಂದ ಲೋಹದ ಚೌಕಟ್ಟು ಬಿಗಿಯುತ್ತಾರೆ. ಇಂಜೆಕ್ಷನ್ ಉರಿಯುತ್ತದೆ, ಬಿಗಿಯುವಾಗ ತಲೆ ಹಿಂಡಿದಂತಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಆ ಒತ್ತಡ ಕುಗ್ಗುತ್ತದೆ. ಫ್ರೇಮ್ ಸಮೇತ ಎಂಆರ್‌ಐ. ಆಮೇಲೆ ವೈದ್ಯರು ಮತ್ತು ಭೌತವಿಜ್ಞಾನಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುವವರೆಗೆ ಕಾಯಬೇಕು. ದಿನದ ಬೇಸರದ ಭಾಗ ಇದೇ. ಯಂತ್ರದೊಳಗೆ ಮಲಗಿದಾಗ ನೋವಿಲ್ಲ, ಮೈಕ್‌ನಲ್ಲಿ ಮಾತಾಡಬಹುದು. ಸಂಜೆ ಫ್ರೇಮ್ ಬಿಚ್ಚಿ ಬ್ಯಾಂಡೇಜ್ ಹಾಕುತ್ತಾರೆ. ಎರಡು ಮೂರು ದಿನ ಹಣೆ, ರೆಪ್ಪೆ ಊದಿಕೊಳ್ಳಬಹುದು. ಐಕಾನ್ ಮಾದರಿಯ ಯಂತ್ರವಿದ್ದರೆ ಪಿನ್ ಬದಲು ಮುಖಕ್ಕೆ ಅಚ್ಚು ಹಾಕಿದ ಮಾಸ್ಕ್ ಬಳಸಬಹುದು, ಆದರೆ ಮುಖ ಮುಟ್ಟಿದರೇ ನೋವು ಏಳುವವರಿಗೆ ಆ ಮಾಸ್ಕ್ ಅನುಕೂಲವೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು.

ಈಗ ಮುಖ್ಯ ಪ್ರಶ್ನೆ: ಗುರಿ ಗಡ್ಡೆಯೋ ನರವೋ? ಗಡ್ಡೆಯ ಅಂಚಿಗೆ ಸಾಮಾನ್ಯವಾಗಿ 12ರಿಂದ 14 ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣ ಕೊಡುತ್ತಾರೆ. ಈ ಪ್ರಮಾಣದಲ್ಲಿ ಮೆನಿಂಜಿಯೋಮಾ, ಶ್ವಾನೋಮಾಗಳ ಬೆಳವಣಿಗೆ 90%ಗಿಂತ ಹೆಚ್ಚು ಜನರಲ್ಲಿ ಐದು ವರ್ಷದ ಆಚೆಗೂ ನಿಂತಿರುತ್ತದೆ, ಏಳನೇ ನರಕ್ಕೆ ಪೆಟ್ಟಾಗಿ ಮುಖ ಸೊಟ್ಟಗಾಗುವುದು ಬಹಳ ಅಪರೂಪ. ಅದಕ್ಕೇ ನಾಲ್ಕೂವರೆ ಅಂಕ. ಆದರೆ ರಕ್ತನಾಳದಿಂದ ಬರುವ ನೋವಿಗೆ ನೇರವಾಗಿ ನರಕ್ಕೇ ಕೊಡುವ ಡೋಸ್ 70ರಿಂದ 90 ಗ್ರೇ. ಎರಡರ ನಡುವಿನ ಅಂತರ ನೋಡಿ. ಗಡ್ಡೆಗೆ ಕೊಟ್ಟ ಡೋಸ್ ನರವನ್ನು ಸುಮ್ಮನಾಗಿಸುವಷ್ಟು ಇರುವುದಿಲ್ಲ. ನೋವು ಇಳಿಯಲು ಬಹುಮಟ್ಟಿಗೆ ಗಡ್ಡೆ ಕುಗ್ಗಿ ಒತ್ತಡ ಇಳಿಯುವುದನ್ನೇ ನೆಚ್ಚಬೇಕು. ಕುಗ್ಗಲು ತಿಂಗಳುಗಳೇ ಬೇಕು, ಎಷ್ಟೋ ಗಡ್ಡೆಗಳು ಬೆಳೆಯುವುದನ್ನು ನಿಲ್ಲಿಸುತ್ತವೆಯೇ ಹೊರತು ಕುಗ್ಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ನೋವು ಕಡಿಮೆಯಾಗುತ್ತದೆ ನಿಜ, ಆದರೆ ಅವರಲ್ಲಿ ಗಣನೀಯ ಪಾಲು ಜನರಿಗೆ ಮರಳಿ ಬರುತ್ತದೆ, ಮಾತ್ರೆ ಪೂರ್ತಿ ಬಿಡುವ ಭಾಗ್ಯ ಎಲ್ಲರಿಗೂ ಇಲ್ಲ.

ಗಡ್ಡೆಯಿಂದ ನರ ಬೇರೆಯಾಗಿ ಕಾಣುತ್ತಿದ್ದರೆ ಎರಡನ್ನೂ ಗುರಿ ಮಾಡುವುದುಂಟು, ಒಂದೇ ದಿನ ಅಥವಾ ಬೇರೆ ದಿನ. ಗಡ್ಡೆ ನರವನ್ನು ನುಂಗಿಕೊಂಡಿದ್ದರೆ ಗುರಿ ಹಿಡಿಯುವುದು ಕಷ್ಟ, ಮಿದುಳುಕಾಂಡಕ್ಕೆ ಬೀಳುವ ಡೋಸ್ ಏರುವ ಅಪಾಯವೂ ಇದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದ್ದು ಇಷ್ಟು: ಗುರಿ ಗಡ್ಡೆ ಮಾತ್ರವೇ, ನರವೂ ಸೇರಿದೆಯೇ? ಮಿದುಳುಕಾಂಡಕ್ಕೆ ಎಷ್ಟು ಗ್ರೇ ಬೀಳುತ್ತದೆ? ಕಿವಿ ಇನ್ನೂ ಕೇಳುತ್ತಿದ್ದರೆ ಒಳಕಿವಿಯ ಕಾಕ್ಲಿಯಾಗೆ ಎಷ್ಟು? ಒಳ್ಳೆಯ ಕೇಂದ್ರದಲ್ಲಿ ಈ ಅಂಕಿಗಳು ಪ್ಲಾನ್ ಹಾಳೆಯಲ್ಲೇ ಇರುತ್ತವೆ, ತೋರಿಸಲು ಯಾರೂ ಹಿಂಜರಿಯುವುದಿಲ್ಲ.

ಮನೆಗೆ ಬಂದ ಮೇಲೆ ಮಾತ್ರೆ ನಿಲ್ಲಿಸಬಾರದು. ನೋವು ಇಳಿದು ಕೆಲವು ವಾರ ಸ್ಥಿರವಾಗಿದ್ದ ಮೇಲೆ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಶ್ವಾನೋಮಾ ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಊದಿಕೊಂಡು ಆಮೇಲೆ ಕುಗ್ಗುವುದುಂಟು. ಆ ಹೊತ್ತಿಗೆ ತೆಗೆದ ಎಂಆರ್‌ಐಯಲ್ಲಿ ‘ಗಾತ್ರ ಹೆಚ್ಚಿದೆ’ ಎಂದಿದ್ದರೆ ಚಿಕಿತ್ಸೆ ಸೋತಿತು ಎಂದು ನಿರ್ಧರಿಸಬೇಡಿ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಸ್ಕ್ಯಾನ್ ಇರುತ್ತದೆ, ಇದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗಾಮಾ ನೈಫ್‌ನಲ್ಲಿ ಗಡ್ಡೆಯ ತುಣುಕು ಪರೀಕ್ಷೆಗೆ ಸಿಗುವುದಿಲ್ಲ ಎಂಬುದೂ ನೆನಪಿರಲಿ. ರೋಗ ಯಾವುದೆಂಬ ತೀರ್ಮಾನ ಪೂರ್ತಿ ಎಂಆರ್‌ಐ ಮೇಲೆಯೇ ನಿಂತಿರುತ್ತದೆ.

ಇದಕ್ಕೆ ಎದುರಿಗಿರುವುದು ತೆರೆದ ಶಸ್ತ್ರಚಿಕಿತ್ಸೆ. ಕಿವಿಯ ಹಿಂದೆ ಸುಮಾರು 3 ಸೆಂ.ಮೀ. ಮೂಳೆ ತೆಗೆದು, ಸೂಕ್ಷ್ಮದರ್ಶಕದಡಿ ಗಡ್ಡೆಯನ್ನು ಒಳಗಿನಿಂದ ಬರಿದು ಮಾಡಿ, ಗೋಡೆಯನ್ನು ನರದಿಂದ ಬಿಡಿಸುತ್ತಾರೆ. ನೋವಿನ ವಿಷಯದಲ್ಲಿ ಇದೇ ಮುಂದೆ. ಒತ್ತಡ ಹೋದ ಕೂಡಲೇ ಬಹುಪಾಲು ಜನರಿಗೆ ಎಚ್ಚರವಾದಾಗಲೇ ನೋವು ಇರುವುದಿಲ್ಲ. ಮತ್ತೊಂದು ಲಾಭವನ್ನು ಎಷ್ಟೋ ಜನ ಗಮನಿಸುವುದಿಲ್ಲ. ಗಡ್ಡೆ ನರವನ್ನು ರಕ್ತನಾಳದ ಮೇಲೆ ತಳ್ಳಿರುವುದು ಅಪರೂಪವೇನಲ್ಲ. ಗಡ್ಡೆ ತೆಗೆದ ಮೇಲೆ ನರದ ಉದ್ದಕ್ಕೂ ನೋಡಿ, ನಾಳ ತಾಗುತ್ತಿದ್ದರೆ ನಡುವೆ ಟೆಫ್ಲಾನ್ ಹತ್ತಿಯನ್ನು ಇಡಬೇಕು. ಅದನ್ನು ಬಿಟ್ಟರೆ ಗಡ್ಡೆ ಹೋದರೂ ನೋವು ಉಳಿಯಬಹುದು. ‘ನಾಳವನ್ನೂ ನೋಡುತ್ತೀರಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎಪಿಡರ್ಮಾಯ್ಡ್‌ಗೆ ಇದೇ ಸರಿಯಾದ ದಾರಿ. ಅದರೊಳಗೆ ಇರುವುದು ಸತ್ತ ಚರ್ಮದ ಕೆರಟಿನ್ ಮತ್ತು ಕೊಲೆಸ್ಟರಾಲ್. ವಿಕಿರಣಕ್ಕೆ ಬಗ್ಗುವ, ವೇಗವಾಗಿ ವಿಭಜಿಸುವ ಕೋಶಗಳು ಅಲ್ಲಿ ತೀರಾ ಕಡಿಮೆ. ಮುತ್ತಿನಂತೆ ಬೆಳ್ಳಗಿನ, ಮೆತ್ತಗಿನ ವಸ್ತು ಸುಲಭವಾಗಿ ಹೊರಬರುತ್ತದೆ. ಆದರೆ ಅದರ ತೆಳು ಗೋಡೆ ನರಗಳಿಗೆ, ಮಿದುಳುಕಾಂಡಕ್ಕೆ ಅಂಟಿರುತ್ತದೆ. ಅಂಟಿದ ಚೂರನ್ನು ಹಟ ಹಿಡಿದು ಕೀಳದೆ ಬಿಡುವ ಶಸ್ತ್ರವೈದ್ಯರನ್ನು ದೂರಬೇಡಿ. ಅದು ವಿವೇಕದ ನಿರ್ಧಾರ. ಉಳಿದ ಚೂರು ವರ್ಷಗಟ್ಟಲೆ ನಿಧಾನವಾಗಿ ಬೆಳೆಯಬಹುದು, ಡಿಫ್ಯೂಷನ್ ಎಂಆರ್‌ಐನಲ್ಲಿ ನೋಡುತ್ತಾ ಇರಬೇಕು.

ಶಸ್ತ್ರಚಿಕಿತ್ಸೆಯ ಬೆಲೆಯೂ ಸಣ್ಣದಲ್ಲ. ಒಂದು ರಾತ್ರಿ ಐಸಿಯು, ಸುಮಾರು ಒಂದು ವಾರ ಆಸ್ಪತ್ರೆ. ಆ ಬದಿಯ ಕಿವಿ ಕೇಳದಾಗಬಹುದು, ಮುಖದ ಸ್ನಾಯು ದುರ್ಬಲವಾಗಬಹುದು, ನುಂಗಲು ಕಷ್ಟವಾಗಬಹುದು. ಏಳನೇ ನರ ಮತ್ತು ಕಿವಿಯ ನರದ ಮಾನಿಟರಿಂಗ್ ಇಲ್ಲದ ಕಡೆ ಈ ಶಸ್ತ್ರಚಿಕಿತ್ಸೆ ಮಾಡಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಗೆ ಬಂದ ಮೇಲೆ ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ, ದಿಂಬು ಒದ್ದೆಯಾದರೆ ಅದು ನೆಗಡಿಯಲ್ಲ, ಮಿದುಳಿನ ನೀರು ಸೋರುತ್ತಿರಬಹುದು; ಅದೇ ದಿನ ಫೋನ್ ಮಾಡಬೇಕು. ಎಪಿಡರ್ಮಾಯ್ಡ್ ತೆಗೆದವರಿಗೆ ಮೊದಲ ಎರಡು ವಾರದಲ್ಲಿ ಜ್ವರ, ತಲೆನೋವು, ಕತ್ತು ಬಿಗಿತ ಬಂದರೆ ಒಳಗೆ ಚೆಲ್ಲಿದ ಕೆರಟಿನ್‌ನಿಂದ ಆದ ಕೆಮಿಕಲ್ ಮೆನಿಂಜೈಟಿಸ್ (ಸೋಂಕಿಲ್ಲದೆ ಮಿದುಳಿನ ಹೊದಿಕೆಗೆ ಬರುವ ಉರಿಯೂತ) ಇರಬಹುದು. ಸ್ಟೆರಾಯ್ಡ್‌ಗೆ ಅದು ಇಳಿಯುತ್ತದೆ, ಆದರೆ ಸೋಂಕು ಅಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಕೆನ್ನೆಯಿಂದ ಸೂಜಿ ಹಾಕಿ ರೇಡಿಯೋಫ್ರೀಕ್ವೆನ್ಸಿಯಿಂದ ನರವನ್ನು ಸುಡುವುದು, ಗ್ಲಿಸರಾಲ್ ಚುಚ್ಚುವುದು, ಬಲೂನ್‌ನಿಂದ ಒತ್ತುವುದು ಇವು ಗಡ್ಡೆಯನ್ನು ಮುಟ್ಟುವುದಿಲ್ಲ. ಶಸ್ತ್ರಚಿಕಿತ್ಸೆ ತಾಳಲಾರದ ಹಿರಿಯರಿಗೆ ತಾತ್ಕಾಲಿಕ ಬಿಡುವು ಕೊಡಬಲ್ಲವು, ಅಷ್ಟೆ. ಸೈಬರ್ ನೈಫ್ ಕೂಡ ರೇಡಿಯೋಸರ್ಜರಿಯೇ. ಪಿನ್ ಇಲ್ಲ, ರೋಬಾಟ್ ತೋಳಿನ ಮೇಲಿನ ಲೀನಿಯರ್ ಆಕ್ಸಿಲರೇಟರ್. ನೋವಿನ ಬಗ್ಗೆ ಮೇಲೆ ಹೇಳಿದ ಮಾತು ಅದಕ್ಕೂ ಅನ್ವಯ.

ಹಾಗಾದರೆ ಗಾಮಾ ನೈಫ್ ಯಾರಿಗೆ? ಗಡ್ಡೆ 3 ಸೆಂ.ಮೀ.ಗಿಂತ ಚಿಕ್ಕದು, ಕಾಂಟ್ರಾಸ್ಟ್ ಹೀರುವಂಥದ್ದು, ಮಿದುಳುಕಾಂಡವನ್ನು ತೀರಾ ಒತ್ತಿಲ್ಲ, ಮಾತ್ರೆಯಲ್ಲಿ ನೋವು ತಡೆಯುವ ಮಟ್ಟದಲ್ಲಿದೆ, ವಯಸ್ಸಾಗಿದೆ ಅಥವಾ ಹೃದಯ, ಶ್ವಾಸಕೋಶದ ತೊಂದರೆಯಿಂದ ಅರಿವಳಿಕೆ ಅಪಾಯ. ಇಂಥವರಿಗೆ ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಮೆನಿಂಜಿಯೋಮಾ ಚೂರಿಗೂ ಇದು ಚೆನ್ನಾಗಿ ಹೊಂದುತ್ತದೆ. ಚಿಕ್ಕ ವಯಸ್ಸು, ಊಟ ಮಾಡಲಾಗದಷ್ಟು ನೋವು, ದೊಡ್ಡ ಗಡ್ಡೆ, ನಡಿಗೆಯಲ್ಲಿ ತೂರಾಟ ಇದ್ದವರು ಮೊದಲು ಶಸ್ತ್ರವೈದ್ಯರ ಮಾತು ಕೇಳಬೇಕು. ಗಾಮಾ ನೈಫ್ ಆದ ಮೇಲೆ ಶಸ್ತ್ರಚಿಕಿತ್ಸೆ ಬೇಕಾದರೆ ಗಡ್ಡೆ ನರಗಳಿಗೆ ಹೆಚ್ಚು ಅಂಟಿಕೊಂಡಿರಬಹುದು, ಕ್ರಮ ಬದಲಾಯಿಸುವುದು ಸುಲಭವಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ, ನರಶಸ್ತ್ರಚಿಕಿತ್ಸೆಯೂ ಅದೇ ಆವರಣದಲ್ಲಿದೆ. ಎರಡೂ ಒಂದೇ ಸೂರಿನಡಿ ಇರುವ ಕಡೆ ಅಭಿಪ್ರಾಯ ಪಡೆಯುವುದು ಲಾಭ; ಒಂದೇ ಯಂತ್ರ ಇಟ್ಟುಕೊಂಡ ಕಡೆ ಎಲ್ಲ ರೋಗಕ್ಕೂ ಅದೇ ಯಂತ್ರ ಸೂಚಿಸುವ ಒತ್ತಡ ಇರುತ್ತದೆ. ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ಮುಂಬೈನ ಹಿಂದುಜಾ ಆಸ್ಪತ್ರೆಗಳಲ್ಲೂ ಈ ಯಂತ್ರ ಇದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಯಾವ ಚಿಕಿತ್ಸೆ ಸೇರುತ್ತದೆ, ರೆಫರಲ್ ಯಾರಿಂದ ಬೇಕು ಎಂದು ದಿನಾಂಕ ಗೊತ್ತುಮಾಡುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ ಬರೆಸಿಕೊಳ್ಳಬೇಕು. ಜೊತೆಗೆ ಎಂಆರ್‌ಐ ಸಿ.ಡಿ., ಇತ್ತೀಚಿನ ಸೋಡಿಯಂ ಮತ್ತು ಕ್ರಿಯಾಟಿನಿನ್ ವರದಿ, ಕಿವಿಯ ಆಡಿಯೋಗ್ರಾಂ, ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಬೇಕು.

ಯಾವ ಚಿಕಿತ್ಸೆ ಮಾಡಿಸಿದರೂ ಹಣೆಯ ಭಾಗ ಮರಗಟ್ಟಿದ್ದರೆ ಆ ಕಣ್ಣಿನ ಮೇಲೆ ನಿಗಾ ಬೇಕು. ಧೂಳು ಬಿದ್ದರೂ ಗೊತ್ತಾಗದೆ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ದಿನಕ್ಕೆ ಹಲವು ಸಲ ಕೃತಕ ಕಣ್ಣೀರಿನ ಹನಿ, ಬೈಕಿನಲ್ಲಿ ಹೋಗುವಾಗ ಕನ್ನಡಕ, ಬೆಳಿಗ್ಗೆ ಸಂಜೆ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುವುದು. ಕೆಂಪಾಗಿದ್ದರೆ, ನೋವಿಲ್ಲದಿದ್ದರೂ, ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಬೇಕು.